ಏಳನೇ ಕಂಬ ಯಾಕೆ ಸುಮ್ಮನಿತ್ತು

ಏಳನೇ ಕಂಬದ ಬ್ಯಾಟರಿ ಪೆಟ್ಟಿಗೆಯ ಸೀಲ್ ಒಡೆದಿದೆಯೋ ಇಲ್ಲವೋ ನೋಡಿಕೊಂಡು ಕತ್ತಲಾಗುವುದರೊಳಗೆ ಗುಡ್ಡ ಇಳಿದು ಬರಬೇಕು. ಕೆಲಸ ಇಷ್ಟೇ. ಆದರೆ ಹೊರಟ ನಾಲ್ವರಲ್ಲಿ ಯಾರಿಗೂ ಇನ್ನೊಬ್ಬರ ಮೇಲೆ ನಂಬಿಕೆ ಇರಲಿಲ್ಲ.

ಕಂಬ ಇದ್ದದ್ದು ಕರಟ್ಟುಪುದೂರಿನ ಹಿಂದಿನ ಗುಡ್ಡದ ಮೇಲೆ. ಉಡುಮಲೈಪೇಟೆಯಿಂದ ಅಮರಾವತಿ ಅಣೆಕಟ್ಟಿನ ಕಡೆಗೆ ಬರುವಾಗ ತೆಂಗಿನ ತೋಟಗಳು ಮುಗಿದು ಮುಳ್ಳುಪೊದೆ ಶುರುವಾಗುವ ಜಾಗದಲ್ಲಿದೆ ಆ ಊರು. ಆನೆಗಳು ನೀರಿಗೂ ಕಬ್ಬಿಗೂ ಇಳಿಯುವ ದಾರಿಗಳಲ್ಲಿ ಕೊಯಮತ್ತೂರಿನ ಒಂದು ಕಂಪನಿ ಕಂಬಗಳನ್ನು ನೆಟ್ಟಿತ್ತು. ಪ್ರತಿ ಕಂಬದ ತುದಿಗೆ ಒಂದು ಸೋಲಾರ್ ಹಲಗೆ, ಒಂದು ಕ್ಯಾಮೆರಾ, ಒಂದು ಮೈಕು. ಒಳಗಿನ ಪುಟ್ಟ ಕಂಪ್ಯೂಟರ್ ತಾನೇ ಆನೆಯನ್ನು ಗುರುತು ಹಿಡಿದು ರೇಡಿಯೊ ಮೂಲಕ ಊರಿಗೆ ಸುದ್ದಿ ಮುಟ್ಟಿಸುತ್ತದೆ. ಕೂಡಲೇ ಊರಿನ ಫೋನುಗಳೆಲ್ಲ ಸೈರನ್ನಿನಂತೆ ಕೂಗುತ್ತವೆ. ಜನ ಮನೆಯೊಳಗೆ ಸೇರಿಕೊಳ್ಳುತ್ತಾರೆ, ಆನೆ ತನ್ನ ದಾರಿ ಹಿಡಿದು ಹೋಗುತ್ತದೆ. ಇದನ್ನು ನಂಬಿ ಊರವರು ತಂತಿಬೇಲಿಗೆ ಕದ್ದು ಕರೆಂಟ್ ಹರಿಸುವುದನ್ನು ನಿಲ್ಲಿಸಿದ್ದರು. ಒಂದು ವರ್ಷ ಆನೆಯೂ ಸಾಯಲಿಲ್ಲ, ಮನುಷ್ಯರಿಗೂ ಏನೂ ಆಗಲಿಲ್ಲ.

ಹೋದ ವಾರ ಸಂಜೆ ಒಂದೇ ಕೊಂಬಿನ ಸಲಗ ಊರಿನ ದೊಡ್ಡಿಯ ಬಾಗಿಲಲ್ಲಿ ನಿಂತಿದ್ದ ಲಿಂಗಪ್ಪನನ್ನು ಎತ್ತಿ ಎಸೆಯಿತು. ಅವನ ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ. ಅವತ್ತು ಒಂದು ಫೋನೂ ಕೂಗಿರಲಿಲ್ಲ.

ತಪ್ಪು ಶಣ್ಮುಗನದು ಎಂದಿತು ಕಂಪನಿ. ವಾರಕ್ಕೆರಡು ದಿನ ಬೆಳಗ್ಗೆ ಗುಡ್ಡ ಹತ್ತಿ, ಬಿದಿರೇಣಿ ಇಟ್ಟು ಕ್ಯಾಮೆರಾದ ಗಾಜು ಒರೆಸಿ ಬರುವ ಕೂಲಿಯಾಳು ಅವನು. ಅವನ ಮನೆಯಲ್ಲಿ ಅಂಥದೇ ಒಂದು ಬ್ಯಾಟರಿಯಿಂದ ಬಲ್ಬು ಉರಿಯುತ್ತಿದ್ದುದನ್ನು ಯಾರೋ ನೋಡಿದ್ದರು. ಕಂಬದ ಬ್ಯಾಟರಿ ಬಿಚ್ಚಿದ್ದಾನೆ ಎಂದು ದೂರು ಹೋಯಿತು. ಸೋಮವಾರ ಠಾಣೆಗೆ ಬಾ ಎಂದು ಪೊಲೀಸರು ಹೇಳಿ ಕಳಿಸಿದರು. ಅವನಿಗೆ ಅದಕ್ಕಿಂತ ಕೆಟ್ಟದಾಗಿ ತಟ್ಟಿದ ಮಾತು ಇನ್ನೊಂದಿತ್ತು. ಲಿಂಗಪ್ಪನ ಹೆಂಡತಿ ಗೋಮತಿ ಅವನ ಒಡಹುಟ್ಟಿದ ಅಕ್ಕ. ನಿಜ ಗೊತ್ತಾಗುವ ತನಕ ನನ್ನ ಹೊಸಿಲು ತುಳಿಯಬೇಡ ಎಂದಿದ್ದಳು.

ಸಲಗ ಅಲ್ಲೇ ಸುಳಿದಾಡುತ್ತಿದೆ ಎಂದು ಅರಣ್ಯ ಇಲಾಖೆ ಗುಡ್ಡದ ದಾರಿಯನ್ನು ಮುಚ್ಚಿತ್ತು. ಶನಿವಾರ ಮಧ್ಯಾಹ್ನ ಅನುಮತಿ ಸಿಕ್ಕಿತು. ಗೇಟಿನ ಬಳಿ ಗಾರ್ಡ್ ಪಳನಿಸಾಮಿ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದ.

"ಹೊತ್ತು ಮುಳುಗೋ ಮುಂಚೆ ಇಳಿದ್ಬಿಡಿ. ಜಗಳ ಆಡೋದಿದ್ರೆ ಇಲ್ಲೇ ಆಡಿ ಮುಗಿಸಿ ಹೋಗಿ, ಮೇಲೆ ಬೇಡ."

"ನಾನು ಮುಂದೆ ನಡೀತೀನಿ," ಎಂದ ಗೋಪಿನಾಥ್. ಅವನು ಕಂಪನಿಯ ಫೀಲ್ಡ್ ಮ್ಯಾನೇಜರ್. ಹುಟ್ಟಿ ಬೆಳೆದದ್ದು ಕೊಯಮತ್ತೂರಿನ ಕುರಿಚಿಯಲ್ಲಿ. ಕರಟ್ಟುಪುದೂರಿನವರ ಹಾಗೆ ಅವನ ಮನೆಮಾತೂ ಕನ್ನಡ. ಬೆನ್ನಿಗೆ ಭಾರದ ಚೀಲ ಏರಿಸಿದ್ದ.

"ಯಾಕಿಂಗ ಸಾರ್?" ಎಂದ ಶಣ್ಮುಗಂ, ಕೊಂಗುನಾಡಿನ ಮರ್ಯಾದೆಯ 'ಇಂಗ' ಹಚ್ಚಿ. "ನಾವು ಬರೋ ಅಷ್ಟ್ರಲ್ಲಿ ಸೀಲ್ ಕಿತ್ತಿಡೋಕಾ?"

"ನೋಡು, ನಾಲಿಗೆ ಬಿಗಿ ಹಿಡಿದು ಮಾತಾಡು."

"ನೀವಿಬ್ರೂ ಜೊತೆಗೆ ನಡೀರಿ, ನನ್ನ ಕಣ್ಮುಂದೆ," ಎಂದಳು ನಿವೇತಾ. ಲಿಂಗಪ್ಪನ ಮಗಳು, ಉಡುಮಲೈಯ ಕಾಲೇಜಿನಲ್ಲಿ ಓದುತ್ತಿದ್ದಳು. ಅಪ್ಪನ ಸೊಂಟ ಮುರಿದದ್ದು ಯಾರಿಂದ ಎಂದು ತಾನೇ ಕಣ್ಣಾರೆ ನೋಡಬೇಕೆಂದು ಹಟ ಹಿಡಿದು ಬಂದಿದ್ದಳು. ತನ್ನ ಸೋದರಮಾವನ ಜೊತೆ ಒಂದು ವಾರದಿಂದ ಅವಳು ಮಾತಾಡಿರಲಿಲ್ಲ.

ನಾಲ್ಕನೆಯವಳು ಪ್ರೇರಣಾ, ದಾವಣಗೆರೆಯವಳು. ಕಂಪನಿಗೆ ಎಂಜಿನಿಯರಾಗಿ ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಪೆಟ್ಟಿಗೆಯ ಕೀಲಿ ಅವಳ ಕೊರಳಲ್ಲಿತ್ತು. ಗೋಪಿನಾಥ್ ಬೆಳಗ್ಗೆಯಿಂದ ಎರಡು ಸಲ ಅದನ್ನು ಕೇಳಿದ್ದ. ಅವಳು ಕೊಟ್ಟಿರಲಿಲ್ಲ. ತಪ್ಪು ಕೂಲಿಯವನದು ಎಂದು ಗುಡ್ಡ ಹತ್ತುವ ಮೊದಲೇ ಬರೆದಿಟ್ಟ ಕಂಪನಿಯ ಮೇಲೆ ಅವಳಿಗೆ ಅನುಮಾನ. ಮನೆಯಲ್ಲಿ ಬ್ಯಾಟರಿ ಇಟ್ಟುಕೊಂಡವನ ಮೇಲೂ ಅನುಮಾನ.

ಆಷಾಢದ, ಇಲ್ಲಿಯವರ ಆಡಿ ತಿಂಗಳ, ಗಾಳಿ. ಪಾಲಕ್ಕಾಡಿನ ಕಡೆಯಿಂದ ಬೀಸಿ ಬಂದು ಬಯಲಿನ ತುಂಬ ನಿಂತ ಗಾಳಿಯಂತ್ರಗಳನ್ನು ತಿರುಗಿಸಿ ಗುಡ್ಡಕ್ಕೆ ಬಡಿಯುತ್ತಿತ್ತು. ಮೇಲೇರಿದಂತೆ ಕೆಳಗಿನ ತೆಂಗು ಹಸಿರು ಚಾಪೆಯಂತೆ ಕಿರಿದಾಯಿತು. ಅದರಾಚೆ ಮಡತ್ತುಕುಳಂ ಕಡೆಯ ಕಬ್ಬಿನ ಗದ್ದೆಗಳು, ಅವುಗಳ ನಡುವೆ ನದಿಯ ಸಣ್ಣ ಹೊಳಪು. ಗುಡ್ಡದ ಮೈಯಲ್ಲಿ ಮಾತ್ರ ಹಸಿರು ಕಡಿಮೆ. ಕಳ್ಳಿ, ಕೊಡೆಯಂತೆ ಹರಡಿದ ಜಾಲಿ, ಬಿಸಿಲಿಗೆ ಸಿಡಿದ ಬಂಡೆ. ದಾರಿ ಎಂದರೆ ದನಗಳ ಗೊರಸು ಬಿದ್ದು ಸವೆದ ಒಂದು ಗೆರೆ. ಆ ಗೆರೆಯ ಮೇಲೆ ಅಲ್ಲಲ್ಲಿ ಆನೆಯ ಲದ್ದಿಯೂ ಇತ್ತು. ನಿವೇತಾ ಒಂದನ್ನು ಕೋಲಿನಿಂದ ಒಡೆದು ನೋಡಿದಳು.

"ಇನ್ನೂ ಹಸಿ ಇದೆ. ನಿನ್ನೇದು."

ಅಲ್ಲಿಂದ ನಾಲ್ವರ ನಡಿಗೆಯೂ ಚುರುಕಾಯಿತು.

ಅರ್ಧ ಗುಡ್ಡದಲ್ಲಿ ಒಂದು ಕೊರಕಲು. ಅದರ ಆಚೆ ಬದಿಗೆ ಹೋಗಲು ಇಳಿಜಾರಾದ ನುಣ್ಣನೆಯ ಬಂಡೆಯನ್ನು ದಾಟಬೇಕು. ಹಿಡಿಯಲು ಒಂದು ಬೇರು ಮಾತ್ರ. ಶಣ್ಮುಗಂ ಬರಿಗಾಲಲ್ಲಿ ದಾಟಿದ. ಹೆಂಗಸರಿಬ್ಬರು ಕುಳಿತು ಜಾರುತ್ತ ದಾಟಿದರು. ಗೋಪಿನಾಥ್ ನಿಂತೇ ಹೆಜ್ಜೆ ಇಟ್ಟ.

ಬೂಟು ಜಾರಿತು.

ಅವನು ಬೋರಲು ಬಿದ್ದು ಕೆಳಕ್ಕೆ ಸರಿದ. ಶಣ್ಮುಗಂ ಬೇರಿಗೆ ಒಂದು ಕೈ ಕೊಟ್ಟು, ಬಾಗಿ, ಚೀಲದ ಪಟ್ಟಿಯನ್ನು ಹಿಡಿದ. ಪಟ್ಟಿ ಕಿರುಗುಟ್ಟಿತು. ಹರಿಯಲಿಲ್ಲ. ಎಳೆದು ಮೇಲೆ ಹಾಕುವಾಗ ಚೀಲದ ಬಾಯಿ ಬಿಚ್ಚಿ ಹೊಸ ಬ್ಯಾಟರಿಯ ಜೊತೆಗೆ ಹಳದಿ ಪ್ಲಾಸ್ಟಿಕ್ಕಿನ ಸೀಲುಗಳು ಉದುರಿದವು.

ಶಣ್ಮುಗಂ ಒಂದನ್ನು ಎತ್ತಿಕೊಂಡ. "ಇದೇನಿಂಗ ಸಾರ್? ಮೇಲೆ ಹೋಗಿ ಹಳೇದು ಒಡೆದು ಹೊಸದು ಹಾಕೋ ಐಡಿಯಾನಾ?"

"ಬ್ಯಾಟರಿ ಬದಲಿಸಿದ್ರೆ ಹೊಸ ಸೀಲ್ ಬೇಡ್ವಾ?" ಗೋಪಿನಾಥ್ ಏದುಸಿರು ಬಿಡುತ್ತಿದ್ದ. "ನಿನ್ ಹತ್ರ ಎಲ್ಲಾದಕ್ಕೂ ಲೆಕ್ಕ ಒಪ್ಪಿಸ್ಬೇಕಾ ನಾನು?"

"ಸೀಲುಗಳನ್ನ ನಂಗೆ ಕೊಡಿ," ಎಂದಳು ಪ್ರೇರಣಾ.

"ಮೇಡಂ, ನಾನು ನಿಮ್ ಸೀನಿಯರ್."

"ಕೊಡಿ ಸಾರ್."

ಕೊಟ್ಟ. ಪ್ರಾಣ ಉಳಿಸಿದವನಿಗೆ ಒಂದು ಮಾತು ಹೇಳಬೇಕೆಂದು ಅವನಿಗೆ ತೋಚಲಿಲ್ಲ. ಶಣ್ಮುಗನೂ ಅದಕ್ಕೆ ಕಾಯಲಿಲ್ಲ.

ಹೊತ್ತು ಇಳಿಯುವ ವೇಳೆಗೆ ಅವರು ಎರಡು ಬಂಡೆಗುಡ್ಡಗಳ ನಡುವಿನ ಇಕ್ಕಟ್ಟು ದಾರಿಗೆ ಬಂದರು. ಅಲ್ಲಿ ಕಾಂಕ್ರೀಟಿನ ಬುಡದ ಮೇಲೆ ಕಬ್ಬಿಣದ ಕಂಬ. ಮೆಟ್ಟಿಲುಕಂಬಿಗಳು ಆಳೆತ್ತರದ ಮೇಲಿನಿಂದ ಶುರುವಾಗಿದ್ದವು, ಕಳ್ಳರು ಹತ್ತಬಾರದೆಂದು. ತುದಿಯಲ್ಲಿ ಹಸಿರು ದೀಪ ಮಿಣುಕುತ್ತಿತ್ತು. ಫೋನುಗಳಲ್ಲಿ ಸಿಗ್ನಲ್ ಇರಲಿಲ್ಲ.

ಪ್ರೇರಣಾ ಬುಡದ ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. ಸೀಲ್ ಇತ್ತು. ಧೂಳು ಹಿಡಿದಿತ್ತು, ಒಡೆದಿರಲಿಲ್ಲ. ಅದರ ನಂಬರನ್ನು ತನ್ನ ಫೋನಿನಲ್ಲಿದ್ದ ಹಳೆಯ ಫೋಟೋಕ್ಕೆ ತಾಳೆ ನೋಡಿದಳು. ಕಂಬ ನೆಟ್ಟ ದಿನ ಹಾಕಿದ್ದೇ.

"ಯಾರೂ ಮುಟ್ಟಿಲ್ಲ," ಎಂದಳು.

ಶಣ್ಮುಗಂ ಬಂಡೆಗೆ ಒರಗಿ ಕುಳಿತ.

"ತಾಳಿ," ಎಂದ ಗೋಪಿನಾಥ್. "ಸೋಲಾರ್ ವೈರ್ ಮೇಲಿಂದ್ಲೇ ಬಿಚ್ಬಹುದು. ಎರಡ್ ದಿನ ಬಿಚ್ಚಿಟ್ರೆ ಬ್ಯಾಟರಿ ಖಾಲಿ. ಆಮೇಲೆ ಹಾಕಿದ್ರೆ ಮತ್ತೆ ತುಂಬುತ್ತೆ. ಸೀಲ್ ಯಾಕೆ ಒಡೀಬೇಕು?"

"ವೈರ್ ಬಿಚ್ಚಿ ನಾನು ಏನ್ ಮಾಡ್ಲಿ ಸಾರ್, ಮೊಳೆ ಹೊಡೆದು ಅದರ ಮೇಲೆ ಬಟ್ಟೆ ಒಣಗಿಸ್ಲಾ?"

"ಮಾಮ," ಎಂದಳು ನಿವೇತಾ. ಒಂದು ವಾರದ ಮೇಲೆ ಬಂದ ಮೊದಲ ಮಾತು. "ನಿಜ ಹೇಳು."

"ನೀನೂ ಕೇಳ್ತೀಯಾ ಅಮ್ಮಿಣಿ?"

"ಅಪ್ಪ ಮಲಗಿದ್ದ ಕಡೆ ಮಗ್ಗುಲು ಬದಲಿಸೋಕೆ ಆಗದೆ ಅಳ್ತಾರೆ. ಕೇಳ್ದೆ ಬಿಡ್ತೀನಾ?"

"ಮನೇಲಿರೋ ಬ್ಯಾಟ್ರಿ ಉಡುಮಲೈ ಸಂತೇಲಿ ತಗೊಂಡಿದ್ದು. ಹಳೇ ಆಟೋದು. ಇಷ್ಟೇ ನಿಜ. ನಂಬೋದಿದ್ರೆ ನಂಬು."

ಅವಳು ನಂಬಿದಳೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ.

ಪ್ರೇರಣಾ ಸೀಲಿನ ಫೋಟೋ ತೆಗೆದು, ಅದನ್ನು ಕತ್ತರಿಸಿ, ಪೆಟ್ಟಿಗೆ ತೆರೆದು ಕಂಬವನ್ನು ಪರೀಕ್ಷೆಗೆ ಹಾಕಿದಳು. ಆಗ ಊರಿಗೆ ಸುದ್ದಿ ಹೋಗುವುದಿಲ್ಲ, ದೀಪ ಮಾತ್ರ ಬದಲಾಗುತ್ತದೆ. ಚೀಲದಿಂದ ಸುರುಳಿ ಸುತ್ತಿದ ದೊಡ್ಡ ಕಾಗದ ತೆಗೆದು ಬಿಚ್ಚಿದಳು. ಅದರಲ್ಲೊಂದು ಆನೆಯ ಚಿತ್ರ.

"ಇದನ್ನ ನೋಡಿ ಮಿಷನ್ ಹೆದರುತ್ತಾ?" ಎಂದಳು ನಿವೇತಾ. "ನಮ್ಮೂರ ನಾಯಿ ಕೂಡ ಹೆದರಲ್ಲ."

ಕಾಗದವನ್ನು ಕ್ಯಾಮೆರಾಕ್ಕೆ ಎತ್ತಿ ಹಿಡಿದ ಕೂಡಲೇ ದೀಪ ಕೆಂಪಾಯಿತು. ಮರುಗಳಿಗೆ ಗಾಳಿ ಕಾಗದವನ್ನು ಕಿತ್ತುಕೊಂಡು ಕಣಿವೆಗೆ ಒಯ್ದಿತು. ಪ್ರೇರಣಾ ಕಂಬವನ್ನು ಮಾಮೂಲಿ ಸ್ಥಿತಿಗೆ ತಂದು ಪೆಟ್ಟಿಗೆ ಮುಚ್ಚಿ ಹೊಸ ಸೀಲ್ ಹಾಕಿದಳು. ಬ್ಯಾಟರಿ ಸರಿ. ಕ್ಯಾಮೆರಾ ಸರಿ. ಆನೆಯನ್ನೂ ಗುರುತಿಸುತ್ತದೆ. ಹಾಗಿದ್ದರೆ ಅವತ್ತು ಯಾಕೆ ಸುಮ್ಮನಿತ್ತು?

ಆಗ ಮೇಲಿನಿಂದ ಗಂಟೆಯ ಸದ್ದು ಬಂತು. ಒಂದಲ್ಲ, ಹತ್ತಾರು.

"ಸಾಮಿ ದನ," ಎಂದ ಶಣ್ಮುಗಂ, ಎದ್ದು ನಿಂತು. "ಬಂಡೆ ಹಿಂದೆ ಬನ್ನಿ ಎಲ್ರೂ. ದಾರಿ ಬಿಡಿ."

"ಯಾರದು ದನ?" ಎಂದು ಕೇಳಿದಳು ಪ್ರೇರಣಾ.

"ದೇವರಿಗೆ ಬಿಟ್ಟಿದ್ದು ಅಕ್ಕ," ಎಂದಳು ನಿವೇತಾ. "ನಮ್ಮ ವಂಶದ್ದು. ಹಾಲು ಕರೆಯಲ್ಲ, ನೊಗ ಹಾಕಲ್ಲ. ಬೆಳಗ್ಗೆ ತಾವೇ ಗುಡ್ಡ ಹತ್ತುತ್ವೆ, ಸಂಜೆ ತಾವೇ ಇಳೀತ್ವೆ. ಕೋಲು ಹಿಡಿದು ಹಿಂದೆ ಯಾರೂ ಹೋಗ್ಬಾರ್ದು. ಕೆಳಗೆ ಒಬ್ರು ದೊಡ್ಡಿ ಬಾಗಿಲು ತೆಗೆದು, ಕೊನೇ ದನ ಒಳಗೆ ಹೋಗೋ ತನಕ ತಲೆ ತಗ್ಗಿಸಿ ನಿಲ್ತಾರೆ. ಅಪ್ಪ ನಿಲ್ತಿದ್ರು. ಈಗ ಅಮ್ಮ."

ಮೊದಲ ಎತ್ತು ತಿರುವಿನಲ್ಲಿ ಕಾಣಿಸಿತು. ಅಗಲ ಕೊಂಬು, ಕೊರಳಲ್ಲಿ ಹಿತ್ತಾಳೆಯ ಗಂಟೆ. ಅದರ ಹಿಂದೆ ಉಳಿದವು, ಸಾಲಾಗಿ, ಅವಸರವಿಲ್ಲದೆ. ಕಂಬದ ದೀಪ ಹಸಿರಿನಿಂದ ಹಳದಿಗೆ ತಿರುಗಿತು.

ಸಾಲು ದಾಟುತ್ತ ಹೋಯಿತು. ಕೊನೆಯ ಹಸುವಿನ ಹಿಂದೆ ಬಂಡೆಯೊಂದು ಅಲುಗಿದಂತಾಯಿತು.

ಬಂಡೆಯಲ್ಲ. ಒಂದೇ ಕೊಂಬು. ಮೈತುಂಬ ಕೆಂಪು ಮಣ್ಣು. ದನಗಳ ಹಿಂದೆ, ಅವುಗಳ ಮನೆಯದೇ ಒಂದು ಪ್ರಾಣಿಯ ಹಾಗೆ, ನಿಧಾನಕ್ಕೆ ಇಳಿಯುತ್ತಿತ್ತು ಸಲಗ. ದನಗಳು ಬೆದರಲಿಲ್ಲ. ರೂಢಿಯಾಗಿತ್ತು.

ನಾಲ್ವರೂ ಬಂಡೆಗೆ ಅಂಟಿಕೊಂಡು ಕುಗ್ಗಿದರು. ಗಾಳಿ ಆನೆಯ ಕಡೆಯಿಂದ ಇವರ ಕಡೆಗೆ ಬೀಸುತ್ತಿತ್ತು, ಅದೊಂದೇ ಪುಣ್ಯ.

ಪ್ರೇರಣಾ ಆನೆಯನ್ನು ನೋಡಲಿಲ್ಲ. ದೀಪವನ್ನು ನೋಡುತ್ತಿದ್ದಳು. ಆನೆ ಕ್ಯಾಮೆರಾದ ನೇರಕ್ಕೆ ಬಂತು. ದೀಪ ಹಳದಿಯಾಗಿಯೇ ಇತ್ತು.

"ಯಾಕೆ ಹಳದಿ?" ಎಂದು ಪಿಸುಗುಟ್ಟಿದಳು. "ಸಾರ್, ಹಳದಿ ಯಾಕೆ?"

ಗೋಪಿನಾಥ್ ಇಳಿಯುತ್ತಿದ್ದ ದನಗಳ ಕಡೆ ನೋಡಿದ. "ಗಂಟೆ... ಗಂಟೆ ಕೇಳಿದ್ರೆ ದನ ಅಂತ ಲೆಕ್ಕ. ಆಗ ಮಿಷನ್ ಕ್ಯಾಮೆರಾ ನೋಡೋದೇ ಇಲ್ಲ."

"ಯಾರು ಹಾಕಿದ್ದು ಆ ರೂಲ್?"

"ನಾನು ಹೇಳಿ ಹಾಕಿಸ್ದೆ. ಊರವರೇ ಕೇಳಿದ್ದು. ದನ ಇಳಿದಾಗೆಲ್ಲ ಸುಳ್ಳು ಸುಳ್ಳೇ ಫೋನ್ ಕೂಗುತ್ತೆ, ಸಾಮಿ ದನಕ್ಕೆ ಅವಮಾನ ಅಂತ ಮೀಟಿಂಗಲ್ಲಿ ಗಲಾಟೆ. ಎಲ್ಲಾರ್ಗಿಂತ ಜೋರಾಗಿ ಕೂಗಿದ್ದು ಲಿಂಗಪ್ಪಣ್ಣನೇ."

"ನಂಗೆ ಯಾಕೆ ಹೇಳ್ಲಿಲ್ಲ?"

"ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಹೊಳೀಲಿಲ್ಲ."

ನಿವೇತಾ ಅವನ ಕಾಲರ್ ಹಿಡಿದಳು. ಮರುಕ್ಷಣ ಬಿಟ್ಟಳು. ಅವಳ ಕಣ್ಣು ಕೆಳಗಿನ ದಾರಿಯ ಕಡೆ ತಿರುಗಿತ್ತು. "ಅಮ್ಮ," ಎಂದಳು. "ಅಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿರ್ತಾಳೆ."

ಆನೆ ನಿಂತಿತು. ಪಕ್ಕದ ಜಾಲಿಯ ಟೊಂಗೆ ಮುರಿದು ಕಾಯಿ ಕಿತ್ತು ತಿನ್ನತೊಡಗಿತು. ದನಗಳು ಅದಕ್ಕಾಗಿ ಕಾಯುವಂತೆ ಕೆಳಗೆ ನಿಧಾನಿಸಿದವು. ಗಂಟೆಗಳು ನಿಲ್ಲಲಿಲ್ಲ.

"ರೂಲ್ ತೆಗೀರಿ," ಎಂದ ಶಣ್ಮುಗಂ.

"ಆಫೀಸಿಂದ್ಲೇ ಆಗೋದು," ಎಂದ ಗೋಪಿನಾಥ್. "ಇಲ್ಲಿ ನೆಟ್‌ವರ್ಕ್ ಇಲ್ಲ."

ಪ್ರೇರಣಾ ಕಂಬದ ತುದಿಯಲ್ಲಿದ್ದ ಪುಟ್ಟ ಕಪ್ಪು ಬಿಲ್ಲೆಯನ್ನು ದಿಟ್ಟಿಸಿದಳು. "ಮೈಕ್ ಮುಚ್ಚಿದ್ರೆ ಗಂಟೆ ಕೇಳಲ್ಲ. ಗಂಟೆ ಕೇಳದಿದ್ರೆ ಅದು ಕ್ಯಾಮೆರಾ ನೋಡುತ್ತೆ. ಆನೆ ಎದುರಿಗೇ ಇದೆ."

 ಕಂಬಕ್ಕೂ ಆನೆಗೂ ನಡುವೆ ಒಂದು ಮನೆಯಂಗಳದಷ್ಟು ಜಾಗ.

ಶಣ್ಮುಗಂ ಹೆಗಲ ಮೇಲಿನ ಟವೆಲನ್ನು ಬಾಯಲ್ಲಿ ಕಚ್ಚಿಕೊಂಡ. ಎರಡು ಹೆಜ್ಜೆ ಇಟ್ಟು ತಿರುಗಿ ನೋಡಿದ. ಏಣಿ ಇಲ್ಲ, ಅವನ ಬಿದಿರೇಣಿಯನ್ನು ಕಂಪನಿ ಕಿತ್ತುಕೊಂಡಿತ್ತು. ನಿವೇತಾ ಅವನ ಹಿಂದೆಯೇ ಬಂದಿದ್ದಳು. ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಹೆಗಲು ಕೊಟ್ಟಳು.

"ಹತ್ತು ಮಾಮ."

ಅವನ ಪಾದ ಅವಳ ಹೆಗಲೊತ್ತಿತು. ಅವಳು ಕಂಬ ಹಿಡಿದು ಎದ್ದಳು. ಅವನ ಬೆರಳಿಗೆ ಮೊದಲ ಕಂಬಿ ಸಿಕ್ಕಿತು.

ಕಬ್ಬಿಣ ಕಿಣ್ ಎಂದಿತು.

ಆನೆ ತಲೆ ಎತ್ತಿತು.

"ಓಡು!" ಎಂದ ಶಣ್ಮುಗಂ ಮೇಲಿನಿಂದ. ನಿವೇತಾ ಬಂಡೆಯ ಹಿಂದಕ್ಕೆ ಉರುಳಿದಳು. ಅವನು ಹತ್ತಿದ. ಒಂದು ಕಂಬಿ. ಇನ್ನೊಂದು. ಆನೆ ಕಿವಿ ಅಗಲಿಸಿ ಬಂತು. ಅವನು ತುದಿ ಮುಟ್ಟಿ, ಟವೆಲನ್ನು ಮುದ್ದೆ ಮಾಡಿ ಮೈಕಿಗೆ ಒತ್ತಿ, ಮೇಲಿನಿಂದ ಅಂಗೈ ಹಾಕಿ ಅಮುಕಿದ.

ಆನೆ ಹಣೆಯನ್ನು ಕಂಬಕ್ಕೆ ಕೊಟ್ಟು ತಳ್ಳಿತು.

ಕಂಬ ವಾಲಿತು. ಬುಡದ ಕಾಂಕ್ರೀಟು ಬಿರಿಯಿತು. ಶಣ್ಮುಗನ ಕಾಲು ಕಂಬಿಯಿಂದ ತಪ್ಪಿ ಗಾಳಿಯಲ್ಲಿ ತೂಗಾಡಿತು. ಒಂದು ತೋಳಲ್ಲಿ ಕಂಬ ಅಪ್ಪಿದ್ದ. ಇನ್ನೊಂದು ಕೈಯನ್ನು ಮೈಕಿನಿಂದ ತೆಗೆಯಲಿಲ್ಲ.

ದೀಪ ಹಸಿರಾಯಿತು.

"ಬಿಡ್ಬೇಡ!" ಎಂದು ಪ್ರೇರಣಾ ಕಿರುಚಿದಳು. "ಹಾಗೇ ಹಿಡಿ!"

ಸೊಂಡಿಲು ಮೇಲೆ ಬಂತು. ಅವನ ಹಿಮ್ಮಡಿಗೆ ಬಿಸಿಯುಸಿರು ತಾಗಿತು.

ದೀಪ ಕೆಂಪಾಯಿತು.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೆಳಗಿನಿಂದ ಗಾಳಿಯನ್ನು ಸೀಳಿಕೊಂಡು ಸಣ್ಣಗೆ ಬಂತು ಸದ್ದು. ಊರಿನ ಫೋನುಗಳು. ಎಲ್ಲವೂ ಒಟ್ಟಿಗೆ.

ಆನೆಗೆ ಅದರ ಪರಿವೆ ಇರಲಿಲ್ಲ. ಮತ್ತೊಮ್ಮೆ ಹಣೆ ಕೊಡಲು ಹಿಂದೆ ಸರಿಯಿತು. ಆಗ ಗೋಪಿನಾಥ್ ಬಂಡೆಯ ಮೇಲೆ ನಿಂತಿದ್ದ. ಅವನು ಯಾವಾಗ ಹತ್ತಿದನೋ ಯಾರೂ ನೋಡಿರಲಿಲ್ಲ. ಬ್ಯಾಟರಿಯ ಚೀಲವನ್ನು ತಲೆಯ ಮೇಲೆತ್ತಿ ಕೊರಕಲಿನ ಕಡೆಗೆ ಎಸೆದ. ಅದು ಕಲ್ಲಿನಿಂದ ಕಲ್ಲಿಗೆ ಬಡಿಯುತ್ತ, ಢಣಢಣ ಎನ್ನುತ್ತ ಉರುಳಿತು. ಆನೆ ಸದ್ದಿನ ಕಡೆ ತಿರುಗಿತು. ಅಷ್ಟರಲ್ಲಿ ಊರಿನಲ್ಲಿ ಟ್ರ್ಯಾಕ್ಟರುಗಳ ಹಾರ್ನ್, ಪಟಾಕಿ. ಸಲಗ ನಿಂತು ತಲೆ ಕೊಡವಿತು. ಬೇಸರ ಬಂದವನ ಹಾಗೆ ಪೊದೆಗಳನ್ನು ತುಳಿದುಕೊಂಡು ಗುಡ್ಡದ ಮೇಲಕ್ಕೆ ಹೊರಟುಹೋಯಿತು.

ಶಣ್ಮುಗಂ ಇಳಿಯಲಿಲ್ಲ. ಬಿದ್ದ. ಅಂಗೈಯ ಚರ್ಮ ಹರಿದಿತ್ತು. ನಿವೇತಾ ತನ್ನ ದುಪಟ್ಟಾವನ್ನು ಅದಕ್ಕೆ ಬಿಗಿದು ಕಟ್ಟಿದಳು. ಬೇಕಾದ್ದಕ್ಕಿಂತ ಹೆಚ್ಚೇ ಬಿಗಿಯಾಗಿ.

"ಈಗ ಕಂಬ ಮುಟ್ಟಿದೀಯ ಮಾಮ. ಇದಕ್ಕೂ ಕೇಸ್ ಹಾಕ್ತಾರೆ ನೋಡು."

"ಹಾಕ್ಲಿ ಬಿಡು."

ಇಳಿಯುವಾಗ ಕೊರಕಲಿನ ಬಂಡೆಯನ್ನು ನಾಲ್ವರೂ ಕೂತೇ ದಾಟಿದರು. ಗುಡ್ಡದ ಬುಡಕ್ಕೆ ಬಂದಾಗ ಫೋನುಗಳಿಗೆ ಸಿಗ್ನಲ್ ಬಂತು. ಗೋಪಿನಾಥ್ ಹಿಂದೆ ಉಳಿದು ಪ್ರೇರಣಾಳ ಬಳಿ ದನಿ ತಗ್ಗಿಸಿದ. "ಮೇಡಂ, ರೂಲ್ ನಾಳೆ ತೆಗೆಸ್ತೀನಿ. ರಿಪೋರ್ಟಲ್ಲಿ ಮಾತ್ರ ಇದನ್ನ... ಸಾಫ್ಟ್‌ವೇರ್ ಅಪ್‌ಡೇಟ್ ಅಂತ..."

"ಬೇರೆ ಕಂಬಗಳಲ್ಲೂ ಇದೇ ರೂಲ್ ಇದೆಯಾ?"

ಅವನು ಹೌದೆಂದು ತಲೆಯಾಡಿಸಿದ. ಅಷ್ಟು ಸಾಕಾಗಿತ್ತು. ಅವಳು ಅಲ್ಲಿಯೇ ನಿಂತು ಆಫೀಸಿಗೆ ಫೋನ್ ಮಾಡಿ ಎಲ್ಲ ಕಂಬಗಳಿಂದಲೂ ಆ ನಿಯಮ ತೆಗೆಸಿದಳು. ಆಮೇಲೆ, "ಇನ್‌ಸ್ಪೆಕ್ಟರಿಗೆ ನೀವು ಮಾಡಿ. ಸ್ಪೀಕರಲ್ಲಿ," ಎಂದಳು.

"ಸೋಮವಾರ ನಾನೇ ಹೋಗಿ ಹೇಳ್ತೀನಲ್ಲ..."

"ಈಗ್ಲೇ," ಎಂದಳು ನಿವೇತಾ.

ಗೋಪಿನಾಥ್ ಫೋನ್ ಮಾಡಿದ. ತಮಿಳಿನಲ್ಲಿ, ಎರಡು ಸಲ ಗಂಟಲು ಸರಿ ಮಾಡಿಕೊಂಡು, ದೂರು ತಪ್ಪು ಎಂದ. ಬ್ಯಾಟರಿಯನ್ನು ಯಾರೂ ಮುಟ್ಟಿಲ್ಲ ಎಂದ. ತಪ್ಪು ಕಂಪನಿಯ ನಿಯಮದ್ದು ಎಂದ. ಶಣ್ಮುಗಂ ಬೇರೆ ಕಡೆ ನೋಡುತ್ತ ಕೇಳಿಸಿಕೊಂಡ.

ದೊಡ್ಡಿಯ ಬಾಗಿಲು ಮುಚ್ಚಿತ್ತು. ದನಗಳು ಒಳಗಿದ್ದವು. ಗೋಮತಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಇನ್ನೂ ನಿಂತಿದ್ದಳು.

"ತಲೆ ತಗ್ಗಿಸಿ ನಿಂತಿದ್ದೆ. ಸೊಂಟದಲ್ಲಿ ಈ ಶನಿ ಫೋನ್ ಒದರಿಕೊಳ್ತು. ದೇವ್ರಿಗೆ ತಪ್ಪಾದ್ರೆ ಆಗ್ಲಿ ಅಂತ ತಲೆ ಎತ್ತಿ ಓಡ್ದೆ." ತಮ್ಮನ ಕೈ ನೋಡಿದಳು. ಮಗಳನ್ನು ನೋಡಿದಳು. "ಏನಾಯ್ತು?"

ನಿವೇತಾ ಎಲ್ಲವನ್ನೂ ಹೇಳಿದಳು. ಕೇಳಿ ಮುಗಿಸಿದ ಗೋಮತಿ ಕಟ್ಟೆಯಿಂದ ಇಳಿದಳು. ಮನೆಯ ಕಡೆ ನಡೆದಳು. ಶಣ್ಮುಗಂ ಹಿಂದೆಯೇ ಬಂದು ಹೊಸಿಲ ಹೊರಗೆ ನಿಂತ.

ಆಸ್ಪತ್ರೆಯಿಂದ ಫೋನ್ ಬಂತು. ಗದ್ದಲದ ಸುದ್ದಿ ಅಲ್ಲಿಗೂ ಮುಟ್ಟಿತ್ತು. ನಿವೇತಾ ಅದನ್ನು ಎಲ್ಲರಿಗೂ ಕೇಳುವಂತೆ ಇಟ್ಟಳು.

"ಅವತ್ತು ಫೋನ್ ಕೂಗದಂಗೆ ಮಾಡಿದ್ದು ಯಾರಂತೆ?" ಲಿಂಗಪ್ಪನ ದನಿ ಬಳಲಿತ್ತು.

ಶಣ್ಮುಗಂ ಬೇಡ ಎಂದು ಕೈಸನ್ನೆ ಮಾಡಿದ. ಅವಳು ಲೆಕ್ಕಿಸಲಿಲ್ಲ.

"ಅಪ್ಪ, ಗಂಟೆ ಕೇಳಿದ್ರೆ ಫೋನ್ ಕೂಗ್ಬಾರ್ದು ಅಂತ ಮೀಟಿಂಗಲ್ಲಿ ಕೇಳಿದ್ದು ನೀನು. ಅವರು ಹಂಗೇ ಮಾಡ್ಕೊಟ್ರು. ಆನೆ ನಮ್ಮ ಸಾಮಿ ದನದ ಹಿಂದೇನೇ ಇಳೀತಿತ್ತು. ಮಾಮ ಏನೂ ಮುಟ್ಟಿಲ್ಲ. ಇವತ್ತು ಅಮ್ಮನ್ನ ಉಳಿಸಿದ್ದು ಅವನೇ."

 ವಾರ್ಡಿನಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು.

"ಶಣ್ಮುಗ ಉಂಡನಾ?" ಎಂದ ಲಿಂಗಪ್ಪ.

"ಇಲ್ಲ," ಎಂದಳು ಗೋಮತಿ ಒಳಗಿನಿಂದ. "ಹೊರಗೆ ಮರದ ಹಂಗೆ ನಿಂತವ್ನೆ. ಒಳಗೆ ಬಾ ಅಂತ ನೀವೇ ಹೇಳಿ, ಅನ್ನ ಆರ್ತಾ ಇದೆ."